ಒಂದು ಕಣ್ಣಿಗೆ ಮೂರು ಉತ್ತರ

ಸೆಲೀನಾಳ ಕಣ್ಣು ಹೋದದ್ದು ಅವಳ ತಾಯಿಯಿಂದ ಎಂದು ಕೋರ್ಟು ಹೇಳಿತು. ಜಡ್ಜು ಕೂಗಾಡಲಿಲ್ಲ, ಬೈಯಲಿಲ್ಲ. ತಲೆಯ ಮೇಲಿನ ಟೋಪನ್ ಸರಿಮಾಡಿಕೊಂಡು, ಮೂಗೊರೆಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದರು. ಹೇಳಿ ಊಟಕ್ಕೆ ಎದ್ದರು. ನಾವು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆವು. ಯಾವ ಕಡೆ ಹೋಗಬೇಕೆಂದು ಯಾರಿಗೂ ತೋಚಲಿಲ್ಲ.

ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾಯಿತೆಂದು ಲ್ಯಾಂಕಾಶೈರ್ ಸೀಮೆಯ ಊರೂರಲ್ಲೂ ಬಾವುಟ ಕಟ್ಟಿದ್ದರಲ್ಲ, ಆ ವರ್ಷದ ಮಾತು. ನನ್ನ ಹೆಸರು ಹೆಟ್ಟಿ. ಕಾಪ್ಲಿಂಗ್ ಧಣಿಯ ಮಿಲ್ಲಿನಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದೆ. ನನ್ನ ಎದುರು ಸಾಲಿನಲ್ಲಿ ಟ್ಯಾಬಿತಾ, ಗಂಡ ಸತ್ತವಳು. ಅವಳಿಂದ ಸ್ವಲ್ಪ ಆಚೆಗೆ ಅವಳ ಒಬ್ಬಳೇ ಮಗಳು ಸೆಲೀನಾ, ಹದಿನೇಳರ ಹುಡುಗಿ. ಮುಂಜಾನೆ ಎಂಜಿನ್ ಸುರುವಾದರೆ ನಾವೂ ಸುರು, ಅದು ನಿಂತರೆ ನಾವೂ ನಿಲ್ಲಬೇಕು. ಸಂಜೆಗೆ ಕಾಲು ಊದಿ ಬೂಟಿನೊಳಗೆ ಇಳಿಯುವುದಿಲ್ಲ. ನೂಲು ಸುತ್ತಿದ ಕಂಡಿಕೆ ಬದಲಾಯಿಸಿದಾಗೆಲ್ಲ ಲಾಳಿಯ ತೂತಿಗೆ ಬಾಯಿಟ್ಟು ನೂಲು ಹೀರಿ ಎಳೆಯಬೇಕು. ಅದರಲ್ಲಿ ಎಣ್ಣೆ, ಹತ್ತಿಯ ಧೂಳು, ಹಿಂದಿನವಳ ಎಂಜಲು. ನನ್ನ ಮುಂದಿನ ಹಲ್ಲುಗಳು ಮೂವತ್ತು ತುಂಬುವುದರೊಳಗೆ ಕೊಳೆತು ಉದುರಿದವು. ಹಲ್ಲಿಗೆಂದು ನಮ್ಮಲ್ಲಿ ಯಾರೂ ಕೋರ್ಟಿಗೆ ಹೋದವರಿಲ್ಲ.

ಶೆಡ್ಡಿನೊಳಗೆ ಕಿವಿಗೆ ಕೆಲಸವಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳು ಗಂಟಲು ಹರಿದುಕೊಂಡರೂ ಕೇಳಿಸದು. ಅದಕ್ಕೇ ನಮಗೆ ತುಟಿಮಾತು. ಸದ್ದಿಲ್ಲದೆ ಬಾಯನ್ನು ಅಗಲವಾಗಿ ಆಡಿಸಿ ಹೇಳುವುದು, ಎದುರಿನವಳು ಮುಖ ನೋಡಿ ತಿಳಿದುಕೊಳ್ಳುವುದು. ಮಿಲ್ಲಿಗೆ ಬಂದ ಹುಡುಗಿ ನೇಯುವುದಕ್ಕಿಂತ ಮೊದಲು ಇದನ್ನು ಕಲಿಯುತ್ತಾಳೆ. ಮಗ್ಗ ಬಿಟ್ಟು ಕದಲದೆ ನಾವು ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಜಗಳ ಆಡಿದ್ದೇವೆ, ಮದುವೆ ಕುದುರಿಸಿದ್ದೇವೆ, ಧಣಿಯ ಹೆಂಡತಿಯ ಟೋಪಿಗೆ ನಕ್ಕಿದ್ದೇವೆ. ಧಣಿ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ತಿಳಿಯುತ್ತಿದ್ದದ್ದು ಜಾಬರ್ ಈನಕನಿಗೆ. ಅವನೂ ಇದೇ ಶೆಡ್ಡಿನಲ್ಲಿ ಬೆಳೆದವನು. ಎಂಟು ವರ್ಷದವನಿದ್ದಾಗ ಟ್ಯಾಬಿತಾಳ ಜೊತೆಗೇ ಮಗ್ಗದ ಕೆಳಗೆ ನುಗ್ಗಿ ಕಸ ಗುಡಿಸಿದವನು. ಈಗ ಮಗ್ಗ ಕೆಟ್ಟರೆ ರಿಪೇರಿ ಮಾಡುವವನು ಅವನೇ, ಬೆಳಗ್ಗೆ ಗೇಟಿನಲ್ಲಿ ನಿಂತು ನೀನು ಬಾ, ನೀನು ಹೋಗು ಅನ್ನುವವನೂ ಅವನೇ. ನಾವು ಹೆಚ್ಚು ನೇದಷ್ಟೂ ಅವನ ಕೂಲಿ ಹೆಚ್ಚು. ಆದ್ದರಿಂದ ಯಾರ ಮಗ್ಗವೂ ನಿಲ್ಲುವುದು ಅವನಿಗೆ ಆಗುತ್ತಿರಲಿಲ್ಲ. ಹೆರಿಗೆಯಾಗಿ ತಿಂಗಳೂ ತುಂಬದವಳು ಮಗ್ಗಕ್ಕೆ ಒರಗಿ ನಿಂತಿದ್ದರೆ ಅವನು ಬಂದು ಪಕ್ಕದಲ್ಲಿ ಕೆಮ್ಮುತ್ತಿದ್ದ. ಸದ್ದು ಕೇಳಿಸದಿದ್ದರೂ ಆ ಕೆಮ್ಮಿಗೆ ನಾವೆಲ್ಲ ಹೆದರುತ್ತಿದ್ದೆವು.

ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹೊಡೆದು ಕಳಿಸಲು ಮಗ್ಗಕ್ಕೆ ಒಂದು ತೊಗಲಿನ ಪಟ್ಟಿ ಇರುತ್ತದೆ. ಸೆಲೀನಾಳ ಮಗ್ಗದ್ದು ಸವೆದು ಎಳೆಯೆಳೆಯಾಗಿತ್ತು. ಪಟ್ಟಿ ಸಡಿಲವಾದರೆ ಲಾಳಿ ನೆಟ್ಟಗೆ ಓಡುವುದಿಲ್ಲ, ಹಾರುತ್ತದೆ. ಅದರ ಎರಡು ತುದಿಗೂ ಕಬ್ಬಿಣದ ಮೂತಿ. ಒಂದು ಸೋಮವಾರ ಅವಳು ಈನಕನನ್ನು ಕರೆದು ತೋರಿಸಿದಳು. ನಾನು ನನ್ನ ಮಗ್ಗದ ಬಳಿಯಿಂದ ನೋಡುತ್ತಿದ್ದೆ. ಅವನ ಮುಖ ನನ್ನ ಕಡೆಗೇ ಇತ್ತು.

"ಹರಿದ್ಮೇಲೆ ತಗಂಡ್ ಬಾ, ಹೊಸ್ದು ಕೊಡ್ತೀನಿ. ಅಲ್ಲೀಗಂಟ ಓಡ್ಸು. ಧಣಿ ಅಪ್ಪಣೆ ಐತೆ," ಅಂದ ತುಟಿಯಲ್ಲಿ.

ಅವನು ಸುಳ್ಳು ಹೇಳಿರಲಿಲ್ಲ. ಹಳೆಯ ಪಟ್ಟಿ ಪೂರ್ತಿ ಹರಿಯದೆ ಹೊಸದು ಕೊಡಬಾರದೆಂದು ಧಣಿ ಆ ಬೇಸಿಗೆಯಲ್ಲೇ ಹೇಳಿದ್ದ. ಸೆಲೀನಾ ಇನ್ನೊಂದು ಸಲ ಬಾಯಿ ತೆರೆದಳು. ಅವನು ಕೆಮ್ಮಿದ. ಅವಳು ಮಗ್ಗ ಓಡಿಸಿದಳು.

ಗುರುವಾರ ಟ್ಯಾಬಿತಾ ತಲೆಯೆತ್ತಿ ನೋಡಿದಾಗ ಮಗಳ ಲಾಳಿ ಹಾಸಿನ ನೂಲಿನ ಮೇಲೆ ಕುಣಿಯುತ್ತಿತ್ತು. ಅದು ಹಾರುವ ಮೊದಲು ಹಾಗೆ ಕುಣಿಯುತ್ತದೆ. ಸೆಲೀನಾ ಹರಿದ ಎಳೆ ಹುಡುಕುತ್ತ ಪಕ್ಕದ ಮಗ್ಗಕ್ಕೆ ಬಗ್ಗಿದ್ದಳು. ಟ್ಯಾಬಿತಾ ಕೈ ಬೀಸಿದಳು, ಹಿಂದಕ್ಕೆ ಬಾರೇ ಎಂದು ಬಾಯಿ ಅಗಲಿಸಿ ಹೇಳಿದಳು. ಸೆಲೀನಾ ಮುಖ ಎತ್ತಿ ತಾಯಿಯ ಕಡೆ ನೋಡಿದಳು. ಕೈ ಬೀಸಿದರೆ ಮುಖ ಎತ್ತಿ ನೋಡುವುದು ನಮಗೆ ಅಭ್ಯಾಸ, ನೋಡದೆ ಕೇಳುವುದು ಹೇಗೆ. ಲಾಳಿ ಆಗಲೇ ಹಾರಿತ್ತು. ಬಲಗಣ್ಣಿಗೆ ಬಡಿದು ಕೆಳಗೆ ಬಿತ್ತು.

ಅವಳು ಕಿರುಚಿದ್ದು ನನಗೆ ಕೇಳಿಸಲಿಲ್ಲ, ಕಾಣಿಸಿತು. ನಾವು ಅವಳನ್ನು ಎತ್ತಿಕೊಂಡು ಗೇಟು ದಾಟುವುದರೊಳಗೆ ಈನಕ ಹಳೆಯ ಪಟ್ಟಿ ಬಿಚ್ಚಿ ಹೊಸ ಪಟ್ಟಿ ಕಟ್ಟಿದ್ದ. ಮಧ್ಯಾಹ್ನದ ಮೇಲೆ ಆ ಮಗ್ಗಕ್ಕೆ ಬೇರೆ ಹುಡುಗಿ ಬಂದಳು. ಮಗ್ಗದ ಮೇಲಿನ ರಕ್ತವನ್ನು ಅವಳೇ ಒರೆಸಿಕೊಂಡಳು. ಬಟ್ಟೆಗೆ ತಾಗಿದ ರಕ್ತದ ಕಲೆಗೆ ಆ ವಾರ ಸೆಲೀನಾಳ ಕೂಲಿ ಮುರಿದುಕೊಂಡರು.

ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ. ಈ ಕಣ್ಣು ಸತ್ತಿದೆ, ತೆಗೆದುಬಿಡೋಣ, ಇಟ್ಟುಕೊಂಡರೆ ಒಳ್ಳೆಯ ಕಣ್ಣನ್ನೂ ಎಳೆದುಕೊಂಡು ಹೋದೀತು ಅಂದರು. ನೇಕಾರರ ಸಂಘ ನಮಗೆ ಒಬ್ಬ ವಕೀಲನನ್ನು ಗೊತ್ತುಮಾಡಿತ್ತು, ಫಿಂಚ್ ಅಂತ. ಅವನು ಬೇಡವೇ ಬೇಡ ಅಂದ. ಖಾಲಿ ಗುಳಿಯನ್ನು ಯಾರಾದರೂ ಮರೆಯುತ್ತಾರೆ, ಒಡೆದ ಕಣ್ಣನ್ನು ನೋಡಿದರೆ ಜಡ್ಜಿಗೆ ರಾತ್ರಿ ನಿದ್ದೆ ಬರಬಾರದು, ಕೇಸು ಮುಗಿಯುವವರೆಗೆ ಹಾಗೇ ಇರಲಿ ಅಂದ. ಟ್ಯಾಬಿತಾ ಇಬ್ಬರ ಮಾತನ್ನೂ ಕೇಳಿಸಿಕೊಂಡು ಬಂದು ನನ್ನ ಮನೆಯ ಹೊಸಿಲಲ್ಲಿ ಕೂತಳು. ಡಾಕ್ಟರನ ಮಾತು ಕೇಳಿದರೆ ಕೇಸು ಹೋಗುತ್ತದೆ, ವಕೀಲನ ಮಾತು ಕೇಳಿದರೆ ಏನಾಗುತ್ತದೋ ಗೊತ್ತಿಲ್ಲ ಅಂದಳು. ಕೋರ್ಟಿನ ದಿನ ಹತ್ತಿರವೇ ಇತ್ತು. ಕಾಯೋಣ ಅಂದುಕೊಂಡರು. ಸೆಲೀನಾ ಆ ಸತ್ತ ಕಣ್ಣನ್ನು ಮುಖದಲ್ಲಿಟ್ಟುಕೊಂಡು, ಕೀವು ಒರೆಸಿಕೊಳ್ಳುತ್ತ, ಜಡ್ಜಿಗೆ ತೋರಿಸಲೆಂದು ಕಾದಳು.

ಜಡ್ಜು ಅದನ್ನು ನೋಡಲೇ ಇಲ್ಲ. ಸೆಲೀನಾ ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಲು ಕೈ ಎತ್ತಿದಾಗ, ಅದರ ಅಗತ್ಯವಿಲ್ಲಮ್ಮ, ಪೆಟ್ಟು ಬಿದ್ದದ್ದನ್ನು ಯಾರೂ ಅಲ್ಲಗಳೆಯುತ್ತಿಲ್ಲ ಅಂದರು. ನಿಜ. ಧಣಿಯ ವಕೀಲ ಪೆಟ್ಟು ಬಿದ್ದಿಲ್ಲ ಅನ್ನಲಿಲ್ಲ. ಬಿದ್ದಿದೆ, ಆದರೆ ಧಣಿ ಹೊಣೆಯಲ್ಲ ಅಂದ. ಅದಕ್ಕೆ ತನ್ನ ಹತ್ತಿರ ಮೂರು ಉತ್ತರ ಇವೆ ಅಂದ. ಮೂರರಲ್ಲಿ ಒಂದು ನಿಂತರೂ ಸಾಕಂತೆ. ಅವನು ಬಹಳ ಮೆದುವಾಗಿ ಮಾತಾಡುತ್ತಿದ್ದ. ಸೆಲೀನಾಳನ್ನು ಮಗು ಅಂತ ಕರೆದ.

"ಪಟ್ಟಿ ಸವೆದಿದೆ ಅಂತ ನಿನಗೆ ಗೊತ್ತಿತ್ತಾ ಮಗು?"

"ಗೊತ್ತಿತ್ತು ಸ್ವಾಮಿ. ಸೋಮವಾರವೇ ಈನಕ್ ಮಾಮಂಗೆ ಹೇಳ್ದೆ."

"ಅಂದ್ರೆ ಅಪಾಯ ಇದೆ ಅಂತ ಸೋಮವಾರದಿಂದ್ಲೇ ಗೊತ್ತಿತ್ತು. ಗೊತ್ತಿದ್ದೂ ಗುರುವಾರದವರೆಗೆ ಅಲ್ಲೇ ನಿಂತೆ. ಯಾರಾದ್ರೂ ನಿನ್ನ ಕಟ್ಟಿ ಹಾಕಿದ್ರಾ?"

"ಇಲ್ಲ ಸ್ವಾಮಿ."

"ಬಿಟ್ಟು ಹೋಗಬಹುದಿತ್ತು ಅಲ್ವಾ?"

"ಬಿಟ್ಟು ಎಲ್ಲಿಗೋಗ್ಲಿ ಸ್ವಾಮಿ?"

ಕೋರ್ಟಿನಲ್ಲಿ ಯಾರೋ ನಕ್ಕರು. ವಕೀಲ ನಗಲಿಲ್ಲ. ಅಪಾಯ ತಿಳಿದೂ ಒಪ್ಪಿ ನಿಂತವರಿಗೆ ಅನ್ಯಾಯವಾಯಿತು ಅನ್ನಲಾಗದು, ಇದು ಹಳೆಯ ನ್ಯಾಯ ಎಂದು ಜಡ್ಜಿನ ಕಡೆ ತಿರುಗಿದ. ನಮ್ಮ ಫಿಂಚ್ ಎದ್ದು, ಹುಡುಗಿ ದೂರು ಹೇಳಿದ್ದಾಳಲ್ಲ ಅಂದ. ಹೌದು, ಹೇಳಿದ್ದಾಳೆ, ಆದ್ದರಿಂದಲೇ ಗೊತ್ತಿತ್ತು ಅನ್ನುವುದು ಖಾತ್ರಿಯಾಯಿತು ಅಂದ ಧಣಿಯ ವಕೀಲ. ಹೇಳದೆ ಇದ್ದಿದ್ದರೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಿದ್ದ. ಹೇಳಿದರೂ ಗುಂಡಿ, ಹೇಳದಿದ್ದರೂ ಗುಂಡಿ. ಗುಂಡಿ ತೋಡಿದವನನ್ನು ಮಾತ್ರ ಆ ಕೋರ್ಟಿನಲ್ಲಿ ಯಾರೂ ಕಟಕಟೆಗೆ ಕರೆಯಲಿಲ್ಲ.

ಎರಡನೆಯ ಉತ್ತರ ಈನಕ. ಭಾನುವಾರ ಚರ್ಚಿಗೆ ಬರುವಾಗ ಅವನು ಕರಿ ಕೋಟು, ಗಡಿಯಾರದ ಸರಪಳಿ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರುವವನು. ಕೋರ್ಟಿಗೆ ಎಣ್ಣೆ ಮೆತ್ತಿದ ಅಂಗಿಯಲ್ಲಿ ಬಂದ. ಜೇಬಿನಿಂದ ಸ್ಪ್ಯಾನರಿನ ಹಿಡಿ ಕಾಣುತ್ತಿತ್ತು. ಹಾಗೆ ಬರಲು ಅವನಿಗೆ ಯಾರು ಹೇಳಿಕೊಟ್ಟರೋ. ಮೇಲ್ವಿಚಾರಕನಾದರೆ ಅವನ ತಪ್ಪಿಗೆ ಧಣಿಯೇ ಹೊಣೆಯಂತೆ. ನೀನು ಮೇಲ್ವಿಚಾರಕನಾ ಎಂದು ಕೇಳಿದರು. "ಎಲ್ಲಿಯ ಮೇಲ್ವಿಚಾರಕ ಸ್ವಾಮಿ, ನಾನೂ ಕೂಲಿಯವ್ನೆ. ಇವ್ರ ಹಂಗೇ ಕೈಯಾಗೆ ದುಡಿದು ತಿನ್ನೋನು," ಅಂದ. ನಾವು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಗೇಟಿನಲ್ಲಿ ಅವನೆದುರು ತಲೆತಗ್ಗಿಸಿ ನಿಂತವರೇ ಎಲ್ಲ. ಒಬ್ಬೊಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಕೀಲನ ಲೆಕ್ಕ ಹೀಗಿತ್ತು. ಈನಕ ಕೂಲಿಯವನು, ಸೆಲೀನಾ ಕೂಲಿಯವಳು. ಒಬ್ಬ ಆಳಿನ ತಪ್ಪಿನಿಂದ ಇನ್ನೊಬ್ಬ ಆಳಿಗೆ ಪೆಟ್ಟಾದರೆ ಧಣಿ ಹೊಣೆಯಲ್ಲ. ಕೆಲಸಕ್ಕೆ ಸೇರಿದ ದಿನವೇ ಅವಳು ಆ ಅಪಾಯ ಒಪ್ಪಿಕೊಂಡಂತೆ. ಸೆಲೀನಾ ಕೆಲಸಕ್ಕೆ ಸೇರಿದ ದಿನ ನನಗೆ ನೆನಪಿದೆ. ಅವಳು ಮಗ್ಗದ ಎತ್ತರಕ್ಕೆ ಎಟುಕುತ್ತಿರಲಿಲ್ಲ, ಕಾಲ ಕೆಳಗೆ ಪೆಟ್ಟಿಗೆ ಇಟ್ಟಿದ್ದರು. ಅವಳು ಆ ದಿನ ಒಪ್ಪಿಕೊಂಡದ್ದು ನನ್ನ ಬುತ್ತಿಯಿಂದ ಒಂದು ತುಂಡು ರೊಟ್ಟಿಯನ್ನು ಮಾತ್ರ.

ಹರಿದ ಮೇಲೆ ಕೊಡುತ್ತೇನೆ, ಧಣಿಯ ಅಪ್ಪಣೆ ಅಂತ ನೀನು ಹೇಳಿದೆಯಂತಲ್ಲ ಎಂದು ಫಿಂಚ್ ಈನಕನನ್ನು ಕೇಳಿದ. ಅವನು ಇಲ್ಲ ಅಂದ. ಆಗ ನನ್ನನ್ನು ಕರೆದರು. ನಾನು ಬೈಬಲ್ಲಿನ ಮೇಲೆ ಕೈಯಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಧಣಿಯ ವಕೀಲ ನನ್ನ ಬೊಚ್ಚು ಬಾಯನ್ನು ಸ್ವಲ್ಪ ಹೊತ್ತು ನೋಡಿದ.

"ಅವನು ಹೇಳಿದ್ದು ನಿಮಗೆ ಕೇಳಿಸ್ತಾ?"

"ಕೇಳಿಸ್ಲಿಲ್ಲ. ನೋಡ್ದೆ."

"ಮಾತನ್ನ ನೋಡಿದ್ರಿ."

"ಹೂಂ ಸ್ವಾಮಿ. ನಾವು ನೋಡಾದೇ."

ಇಡೀ ಕೋರ್ಟು ನಕ್ಕಿತು. ಜಡ್ಜು ಕೂಡ ಕರವಸ್ತ್ರ ಬಾಯಿಗೆ ಇಟ್ಟುಕೊಂಡರು. ಕೇಳದ ಮಾತನ್ನು ಮಾತೆಂದು ತಾನು ಬರೆದುಕೊಳ್ಳಲಾರೆ ಅಂದರು. ನನ್ನನ್ನು ಇಳಿಸಿದರು.

ಆಮೇಲೆ ಅದೇ ವಕೀಲ, ಅದೇ ಬಾಯಲ್ಲಿ, ಟ್ಯಾಬಿತಾಳನ್ನು ಕೇಳಿದ. ಅವನ ಮೂರನೆಯ ಉತ್ತರ ಅವಳೇ.

"ಲಾಳಿ ಹಾರೋ ಹೊತ್ತಿಗೆ ನೀವು ಮಗಳ ಜೊತೆ ಮಾತಾಡ್ತಿದ್ರಿ ಅಲ್ವಾ ತಾಯಿ?"

"ಮಾತಲ್ಲ ಸ್ವಾಮಿ. ಹಿಂದಕ್ ಬಾ ಅಂದೆ."

"ಬಾಯಿಂದ ಅಂದ್ರಿ. ಅವಳು ನಿಮ್ಮ ಮುಖ ನೋಡಬೇಕಾಯ್ತು."

"ನೋಡ್ದೆ ಹೆಂಗ್ ತಿಳಿಯಾದು?"

"ಅದಕ್ಕೇ ಬಗ್ಗಿದ್ದ ತಲೆ ಎತ್ತಿದಳು. ತಲೆ ಎತ್ತದೆ ಇದ್ದಿದ್ರೆ ಲಾಳಿ ಅವಳ ಕಣ್ಣಿಗೆ ತಾಗ್ತಿತ್ತಾ?"

ಟ್ಯಾಬಿತಾ ಎಂದೂ ಹಾಗೆ ಯೋಚಿಸಿರಲಿಲ್ಲ. ಕಟಕಟೆಯ ಮರವನ್ನು ಹಿಡಿದುಕೊಂಡು ನಿಂತಳು. ಅವಳ ತುಟಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವಳು ಏನು ಹೇಳುತ್ತಿದ್ದಾಳೆಂದು ನಮಗೆಲ್ಲ ಕಾಣುತ್ತಿತ್ತು. ತಲೆಗೆ ಬೀಳ್ತಿತ್ತು, ನೆತ್ತಿಗೆ ಬಿದ್ದು ಸಾಯ್ತಿದ್ಲು ಅನ್ನುತ್ತಿದ್ದಳು. ಸಾಕ್ಷಿ ಸುಮ್ಮನಿದ್ದಾಳೆ ಎಂದು ಗುಮಾಸ್ತ ಬರೆದುಕೊಂಡ. ನಮ್ಮ ತುಟಿಮಾತು ಧಣಿಯ ವಿರುದ್ಧ ಹೋದಾಗ ಮಾತಲ್ಲ, ನಮ್ಮ ಕೊರಳಿಗೆ ಬಂದಾಗ ಮಾತು.

ಜಡ್ಜು ಮೂರೂ ಉತ್ತರವನ್ನು ಒಪ್ಪಿದರು. ಹುಡುಗಿಗೆ ಗೊತ್ತಿತ್ತು. ತಪ್ಪಾಗಿದ್ದರೆ ಅದು ಜೊತೆ ಆಳಿನದು, ಮತ್ತು ಜೊತೆ ಆಳುಗಳಲ್ಲಿ ಸ್ವಂತ ತಾಯಿಯೂ ಒಬ್ಬಳು. ಕೆಲಸದ ಮೇಲೆ ಕಣ್ಣಿಡದೆ ತಾಯಿಯ ಹರಟೆಗೆ ಕಣ್ಣು ಕೊಟ್ಟದ್ದು ಹುಡುಗಿಯದೇ ಅಜಾಗರೂಕತೆ. ವಿಷಾದ ವ್ಯಕ್ತಪಡಿಸಿದರು. ಆಮೇಲೆ ನಾನು ಮೊದಲೇ ಹೇಳಿದೆನಲ್ಲ, ಊಟಕ್ಕೆ ಎದ್ದರು.

ಮನೆಗೆ ಬಂದೆವು. ಟ್ಯಾಬಿತಾ ಓಟ್ಸ್ ಗಂಜಿ ಕಾಯಿಸಿ ಅವಳ ಮುಂದೆ ಇಟ್ಟಳು. ನಾನೂ ಅಲ್ಲೇ ಇದ್ದೆ. ಸೆಲೀನಾ ಚಮಚ ಹಿಡಿದುಕೊಂಡು ಗಂಜಿಯನ್ನೇ ನೋಡುತ್ತ, "ನೀನ್ ಕರೀದೆ ಇದ್ದಿದ್ರೆ ಅವ್ವ?" ಅಂದಳು.

ಅಷ್ಟೇ ಅಂದದ್ದು. ಕೋರ್ಟು ಆ ಹುಡುಗಿಗೆ ಕೊಟ್ಟು ಕಳಿಸಿದ್ದು ಅದೊಂದೇ. ಆವತ್ತಿನಿಂದ ಅವಳು ತಾಯಿಯೊಡನೆ ಬೇಕಾದಷ್ಟಕ್ಕೆ ಮಾತ್ರ ಮಾತಾಡಿದಳು. ಟ್ಯಾಬಿತಾಗೆ ಊಟ ಸೇರುತ್ತಿರಲಿಲ್ಲ. ನಿನ್ನ ತಪ್ಪಲ್ಲ ಕಣೆ ಎಂದು ನಾನು ಎಷ್ಟು ಹೇಳಿದರೂ ಅವಳು ತಲೆಯಾಡಿಸಿ, ಜಡ್ಜು ಓದಿದೋರು ಕಣಕ್ಕ ಅನ್ನುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಸತ್ತ ಕಣ್ಣನ್ನು ಆಮೇಲೆ ತೆಗೆಸಿದರು. ತಡವಾಗಿತ್ತು. ಚಳಿಗಾಲ ಬರುವ ಹೊತ್ತಿಗೆ ಇನ್ನೊಂದು ಕಣ್ಣಿಗೆ ಮಂಜು ಕವಿಯಿತು. ಮೊದಲು ದೀಪದ ಸುತ್ತ ಬಳೆ ಕಾಣುತ್ತದೆ ಅಂದಳು, ಆಮೇಲೆ ದೀಪವೇ ಕಾಣುತ್ತಿಲ್ಲ ಅಂದಳು. ಟ್ಯಾಬಿತಾ ಫಿಂಚನ ಹತ್ತಿರ ಓಡಿದಳು, ಈಗಲಾದರೂ ಇನ್ನೊಮ್ಮೆ ಕೋರ್ಟಿಗೆ ಹೋಗಬಹುದಾ ಅಂತ. ಆಗುವುದಿಲ್ಲ, ಡಾಕ್ಟರ ಮಾತು ಕೇಳದೆ ನೀವೇ ಕೆಡಿಸಿಕೊಂಡಿರಿ ಅನ್ನುತ್ತಾರೆ ಅಂದ ಅವನು. ಬೇಡ ಅಂದವರು ನೀವೇ ಅಲ್ವ ಸ್ವಾಮಿ ಎಂದು ಇವಳು ಕೇಳಿದಳು. "ನಾನು ಸಲಹೆ ಕೊಟ್ಟೆ. ಒಪ್ಪಿಕೊಂಡೋರು ನೀವು," ಅಂದ. ನಮ್ಮ ವಕೀಲನೂ ಅದೇ ಶಾಲೆಯಲ್ಲಿ ಓದಿದವನು.

ಮಿಲ್ಲಿನಲ್ಲಿ ಆಗಲೇ ಗೋಡೆಗೆ ನೋಟೀಸು ಅಂಟಿಸಿದ್ದರು. ಮಗ್ಗ ಓಡುವಾಗ ತುಟಿಯಿಂದಾಗಲಿ ಕೈಯಿಂದಾಗಲಿ ಮಾತಾಡಿದವರನ್ನು ಹೊರಗೆ ಹಾಕಲಾಗುವುದು. ಕೋರ್ಟೇ ಹೇಳಿದೆಯಲ್ಲ, ಅದರಿಂದ ಕಣ್ಣು ಹೋಗುತ್ತದೆ ಅಂತ. ನಮ್ಮ ಹೆಂಗಸರು ಕೇಳಲಿಲ್ಲ, ಕೇಳುವುದು ಸಾಧ್ಯವೂ ಇರಲಿಲ್ಲ. ಬೆನ್ನು ತಿರುಗಿಸಿ, ಶಾಲಿನ ಮರೆಯಲ್ಲಿ ಮಾತಾಡಿದರು. ಧಣಿಗೆ ರೇಗಿತು. ಅವನು ಟ್ಯಾಬಿತಾಳನ್ನು ಆಫೀಸಿಗೆ ಕರೆಸಿದ.

ಏನು ಮಾತಾಯಿತು ಎಂದು ಅವಳು ನನಗೆ ಹೇಳಿದಳು. ಧಣಿ ಬಹಳ ಕನಿಕರದಿಂದ ಇದ್ದನಂತೆ. ಕೂರಲು ಕುರ್ಚಿ ಕೊಟ್ಟನಂತೆ. ಸೆಲೀನಾಗೆ ನೆಲಮಾಳಿಗೆಯಲ್ಲಿ ಕಸದ ಹತ್ತಿ ಬಿಡಿಸುವ ಕೆಲಸ ಕೊಡುತ್ತೇನೆ, ಕೈಯಿದ್ದರೆ ಸಾಕು, ಕಣ್ಣು ಬೇಕಾಗಿಲ್ಲ ಅಂದ. ಮಿಲ್ಲಿನ ಮನೆಯಲ್ಲಿ ಇಬ್ಬರೂ ಇರಬಹುದು. ಬದಲಿಗೆ ಒಂದೇ ಕೆಲಸ. ಶನಿವಾರ ಟ್ಯಾಬಿತಾ ಶೆಡ್ಡಿನಲ್ಲಿ ಎಲ್ಲರೆದುರು ನಿಂತು, ನನ್ನ ತುಟಿಮಾತಿನಿಂದಲೇ ನನ್ನ ಮಗಳ ಕಣ್ಣು ಹೋಯಿತು, ನೀವು ಯಾರೂ ಹೀಗೆ ಮಾಡಬೇಡಿ ಅನ್ನಬೇಕು. ಎಂಜಿನ್ ನಿಲ್ಲಿಸುವ ಮಾತಿಲ್ಲ. ನಿಲ್ಲಿಸಿದರೆ ಸುಮ್ಮನೆ ಉಗಿ ದಂಡ. ನಿಮ್ಮ ಭಾಷೆಯಲ್ಲೇ ಹೇಳು, ಅವರಿಗೆ ತಿಳಿಯುತ್ತದೆ, ಸರಿಯಾಗಿ ಹೇಳಿದೆಯೋ ಇಲ್ಲವೋ ಈನಕ ನೋಡಿ ನನಗೆ ಹೇಳುತ್ತಾನೆ ಅಂದ.

"ಏನಂದೆ?" ಎಂದು ಕೇಳಿದೆ.

"ಹೂಂ ಅಂದೆ ಕಣಕ್ಕ. ನಾನ್ ಸತ್ ಮ್ಯಾಲೆ ಅವ್ಳಿಗ್ ಯಾರವ್ರೆ? ಅನಾಥಾಲಯಕ್ ಹಾಕ್ತಾರೆ."

ಅನಾಥಾಲಯ ಅಂದರೆ ಸರ್ಕಾರದ ಬಡವರ ಮನೆ. ಅಲ್ಲಿ ತಾಯಿಯನ್ನೊಂದು ಕಡೆ, ಮಗಳನ್ನೊಂದು ಕಡೆ ಇಡುತ್ತಾರೆ. ಕುರುಡರಿಗೆ ಹಡಗಿನ ಹಳೆ ಹಗ್ಗ ಬಿಡಿಸಲು ಕೊಡುತ್ತಾರೆ, ಬೆರಳ ತುದಿಯಿಂದ ರಕ್ತ ಬರುವವರೆಗೆ. ನಾನು ಟ್ಯಾಬಿತಾಳಿಗೆ ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಶನಿವಾರ ಅರ್ಧ ದಿನ. ಎಂಜಿನ್ ನಿಲ್ಲುವುದಕ್ಕೆ ಸ್ವಲ್ಪ ಮೊದಲು ಧಣಿ ಬಂದ. ಮಿಲ್ಲಿನ ಗುಮಾಸ್ತ ಸೆಲೀನಾಳ ತೋಳು ಹಿಡಿದು ತಂದು ಧಣಿಯ ಪಕ್ಕದಲ್ಲಿ ನಿಲ್ಲಿಸಿದ. ಎಲ್ಲರೂ ನೋಡಲಿ ಎಂದು ಧಣಿಯೇ ಹೇಳಿದ್ದನಂತೆ. ಅವಳಿಗೆ ಆಗ ಗೋಡೆ ಯಾವುದು ಕಿಟಕಿ ಯಾವುದು ಎಂದಷ್ಟೇ ಗೊತ್ತಾಗುತ್ತಿತ್ತು. ಮಗ್ಗಗಳ ಬಡಿತದ ನಡುವೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ಇನ್ನೊಂದು ಪಕ್ಕ ಈನಕ. ಟ್ಯಾಬಿತಾ ಕಂಡಿಕೆ ಪೆಟ್ಟಿಗೆಯ ಮೇಲೆ ಹತ್ತಿ ನಿಂತಳು. ನಾವು ಮಗ್ಗ ಬಿಡದೆ ಅವಳ ಕಡೆಗೆ ಮುಖ ಎತ್ತಿದೆವು.

ಬಾಯಿ ತೆರೆಯುವವರೆಗೆ ತನಗೂ ಗೊತ್ತಿರಲಿಲ್ಲ ಎಂದು ಆಮೇಲೆ ಅವಳು ಹೇಳಿದಳು. ಮೊದಲು ಮಗಳನ್ನು ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿ ನಿಧಾನವಾಗಿ, ಒಂದೊಂದೇ ಮಾತನ್ನು ಅಗಲಿಸಿ ಹೇಳಿದಳು.

"ಪಟ್ಟಿ ಕೊಳೆತಿತ್ತು. ನನ್ ಮಗ್ಳು ಹೇಳಿದ್ಲು. ಹರಿದ್ಮೇಲೆ ಬಾ ಅಂದ ಈನಕ. ಧಣಿ 'ಕೊಡ್ಬೇಡ' ಅಂದಿದ್ದ. ನನ್ ಮಗ್ಳು ತಪ್ಪು ಮಾಡ್ಲಿಲ್ಲ. ನಾನೂ ಮಾಡ್ಲಿಲ್ಲ. ನಿಮ್ ಮಕ್ಕಳ ಲಾಳಿ ಹಾರ್ದಾಗ ಕೂಗಿ. ಕೂಗ್ದೆ ಇರ್ಬೇಡಿ."

ಶೆಡ್ಡಿನಲ್ಲಿ ಯಾರೂ ಕಣ್ಣು ಮಿಟುಕಿಸಲಿಲ್ಲ. ನನ್ನ ಮಗ್ಗದಲ್ಲಿ ಎಳೆ ಹರಿದು ಹೋಗುತ್ತಿತ್ತು, ನಾನು ಅದನ್ನು ಮುಟ್ಟಲಿಲ್ಲ. ಧಣಿ ತಲೆದೂಗುತ್ತ ನಿಂತಿದ್ದ. ಹೆಂಗಸರು ಇಷ್ಟು ಗಮನ ಕೊಟ್ಟದ್ದು ಅವನಿಗೆ ಸಂತೋಷವಾಗಿತ್ತು. ಸರಿಯಾಗಿ ಹೇಳಿದಳಾ ಅಂತ ಈನಕನ ಕಡೆ ನೋಡಿದ. ಈನಕನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಹೇಳಿದರೆ ತನ್ನ ಹೆಸರೂ ಹೊರಗೆ ಬರುತ್ತದೆ. ಅವನು ತಲೆ ಅಲ್ಲಾಡಿಸಿ ಹೂಂ ಅಂದ.

ಅಲ್ಲಿಗೆ ಮುಗಿದಿತ್ತು. ಟ್ಯಾಬಿತಾಳ ಮಾತು ನಮಗೆ ತಲುಪಿತು, ಧಣಿಗೆ ಬೇಕಾದದ್ದು ಧಣಿಗೆ ಸಿಕ್ಕಿತು, ಸೆಲೀನಾಗೆ ಕೆಲಸ, ಇಬ್ಬರಿಗೂ ಮನೆ. ನಾನು ಒಳಗೊಳಗೇ ನಕ್ಕೆ. ಈ ಒಂದು ಸಲ ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಶನಿವಾರದ ಎಂಜಿನ್ ನಿಂತಿತು. ಮಗ್ಗಗಳು ಒಂದರ ಹಿಂದೊಂದು ಸುಮ್ಮನಾದವು. ಶೆಡ್ಡಿನಲ್ಲಿ ಸೀನಿದರೂ ಕೇಳುವಂತಾಯಿತು.

"ಹೇಳ್ದ್ಯಾ ಅವ್ವ?" ಅಂದಳು ಸೆಲೀನಾ. ಗಟ್ಟಿಯಾಗಿಯೇ ಅಂದಳು, ತಾಯಿ ಎಲ್ಲಿದ್ದಾಳೆಂದು ಅವಳಿಗೆ ತಿಳಿಯದು. "ನಿನ್ನಿಂದ್ಲೇ ಹೋಯ್ತು ಅಂತ ಹೇಳ್ದ್ಯಾ?"

ಯಾರಿಗಾಗಿ ಆ ಮಾತು ಹೇಳಿದ್ದೋ ಅವಳೊಬ್ಬಳಿಗೆ ಅದು ಕಂಡಿರಲಿಲ್ಲ. ನನಗೆ ಆಗ ಹೊಳೆಯಿತು. ಟ್ಯಾಬಿತಾಗೂ ಹೊಳೆಯಿತು. ಪೆಟ್ಟಿಗೆಯ ಮೇಲೆ ನಿಂತವಳು ಮಗಳನ್ನು ನೋಡಿದಳು, ಧಣಿಯನ್ನು ನೋಡಿದಳು. ಹೂಂ ಅನ್ನು ಎಂದು ಈನಕ ಧಣಿಯ ಬೆನ್ನ ಹಿಂದಿನಿಂದ ತುಟಿಯಲ್ಲಿ ಬೇಡಿಕೊಂಡ. ನಾನೂ ಅದನ್ನೇ ಅಂದೆ. ಹೂಂ ಅನ್ನು, ಮನೆಗೆ ಹೋಗಿ ಹೇಳುವೆಯಂತೆ ಅಂದೆ. ಅತ್ತಿತ್ತ ನಿಂತ ಎಷ್ಟೋ ಹೆಂಗಸರ ಬಾಯಲ್ಲಿ ಅದೇ ಮಾತು ಇತ್ತು. ಟ್ಯಾಬಿತಾ ನಮ್ಮೆಲ್ಲರ ಬಾಯನ್ನೂ ನೋಡಿದಳು.

"ಇಲ್ಲ ಕಣೆ," ಅಂದಳು. ಧ್ವನಿ ತೆಗೆದು ಅಂದಳು. ಚಿಕ್ಕಂದಿನಿಂದ ಮಿಲ್ಲಿನಲ್ಲಿದ್ದ ಅವಳ ಧ್ವನಿ ಆ ಶೆಡ್ಡಿನಲ್ಲಿ ನನಗೆ ಕೇಳಿಸಿದ್ದು ಅದೇ ಮೊದಲು. "ಹೇಳ್ಲಿಲ್ಲ. ನನ್ನಿಂದ ಹೋಗ್ಲಿಲ್ಲ, ನಿನ್ನಿಂದ್ಲೂ ಹೋಗ್ಲಿಲ್ಲ. ಇವ್ನು ಪಟ್ಟಿ ಕೊಡ್ಬ್ಯಾಡ ಅಂದ, ಅವ್ನು ಕೊಡ್ಲಿಲ್ಲ. ಇಬ್ರೂ ನಿನ್ ಪಕ್ಕದಾಗೇ ನಿಂತವ್ರೆ."

ಸೆಲೀನಾ ಮೊದಲು ಎಡಕ್ಕೆ ತಿರುಗಿದಳು, ಆಮೇಲೆ ಬಲಕ್ಕೆ. ಧಣಿ ಒಂದು ಹೆಜ್ಜೆ ಹಿಂದೆ ಸರಿದ. ಅವನು ಕೂಗಲಿಲ್ಲ. ಅವಳು ಪೆಟ್ಟಿಗೆಯ ಮೇಲೆ ಹೇಳಿದ್ದೇನು ಎಂದು ಈನಕನನ್ನು ಕೇಳಿದ. ಕಣ್ಣಿಗೆ ಹತ್ತಿ ಬಿದ್ದಿತ್ತು ಧಣಿ, ನಾನು ಸರಿಯಾಗಿ ನೋಡಲಿಲ್ಲ ಅಂದ ಈನಕ. ಹೇಳುವಾಗ ಕಣ್ಣನ್ನು ಉಜ್ಜಿಕೊಂಡ ಕೂಡ.

ನಾನು ಮಗ್ಗ ಬಿಟ್ಟು ಬಂದು ಸೆಲೀನಾಳ ಕೈ ಹಿಡಿದೆ. ಈನಕ ಆ ಸೋಮವಾರ ಏನಂದ ಎಂದು ನಾನು ನೋಡಿದ್ದನ್ನು ಗಟ್ಟಿಯಾಗಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಸೋಮವಾರದಿಂದ ನೀನೂ ಬರಬೇಡ ಎಂದು ಗುಮಾಸ್ತ ನನಗೆ ಅಲ್ಲೇ ಹೇಳಿದ. ಬುಧವಾರದೊಳಗೆ ಮನೆ ಖಾಲಿ ಮಾಡಬೇಕೆಂದು ಟ್ಯಾಬಿತಾಗೆ ಹೇಳಿದ. ಕೋರ್ಟಿನ ತೀರ್ಪು ಇದ್ದೂ ಸುಳ್ಳು ಹೇಳಿದ್ದಕ್ಕೆ ಜೈಲಿಗೂ ಹಾಕಿಸಬಹುದು, ದಯೆಯಿಂದ ಬಿಡುತ್ತಿದ್ದೇನೆ ಅಂದ ಧಣಿ. ಹೆಂಗಸರು ದಾರಿ ಬಿಟ್ಟರು. ಒಬ್ಬರೂ ಮಾತಾಡಲಿಲ್ಲ. ಕೆಲವರು ಸೆಲೀನಾಳ ಬೆನ್ನು ಸವರಿದರು. ಅವರಿಗೂ ಮಕ್ಕಳಿದ್ದಾರೆ, ನಾನು ಅವರನ್ನು ಬೈಯುವುದಿಲ್ಲ.

ಗೇಟು ದಾಟಿ ಕಾಲುವೆ ಪಕ್ಕದ ದಾರಿ ಹಿಡಿದೆವು. ಚಳಿ ಕೊರೆಯುತ್ತಿತ್ತು. ಸೆಲೀನಾ ನಡುವೆ, ನಾವು ಎರಡೂ ಕಡೆ. ಕೆಲಸ ಹೋಯಿತು, ಸೂರು ಹೋಯಿತು, ಸುತ್ತಲಿನ ಯಾವ ಮಿಲ್ಲಿನಲ್ಲೂ ನಮ್ಮನ್ನು ಒಳಗೆ ಸೇರಿಸುವುದಿಲ್ಲ. ಮೂವರಿಗೂ ಗೊತ್ತಿತ್ತು.

"ಮನೇಲೇ ಹೇಳ್ಬೋದಿತ್ತಲ್ಲವ್ವ," ಅಂದಳು ಸೆಲೀನಾ. "ಅವ್ನ್ ಎದುರಿಗೆ ಯಾಕೇಳ್ದೆ? ಅನ್ನ ಹೋಯ್ತಲ್ಲ."

"ಮನೇಲಿ ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ," ಅಂದಳು ಸೆಲೀನಾ.

ಟ್ಯಾಬಿತಾ ಹೂಂ ಅಂದಳು. ಬುಧವಾರ ಅವರಿಬ್ಬರನ್ನೂ ನಾನೇ ಬಡವರ ಮನೆಯ ಬಾಗಿಲವರೆಗೆ ಬಿಟ್ಟು ಬಂದೆ. ತಾಯಿಯನ್ನು ಎಡಗಡೆಗೆ ಕರೆದುಕೊಂಡು ಹೋದರು, ಮಗಳನ್ನು ಬಲಗಡೆಗೆ.